ಗುರುಬಸವ್ವನ ಕೇಕೆ
ತೊರಗಲ್ಲಿನ ಗುರುಬಸವ್ವ ಮೊಬೈಲು ಇಟ್ಟುಕೊಂಡಿಲ್ಲ, ಅವಳಿಗೆ ಕೇಕೆಯಿದೆ. ಕಳೆ ತೆಗೆಯುವ ಇಪ್ಪತ್ತು ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಬೆಳಿಗ್ಗೆ ಆಳುಗಳನ್ನು ಹೊಲಕ್ಕೊಯ್ಯುವ ಟಂಟಂ ಗಾಡಿ ಬಂದು ನಿಂತೊಡನೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ಒಂದೇ ಒಂದು ಕೇಕೆ ಹೊಡೆಯುತ್ತಾಳೆ. ಅದಕ್ಕೆ ಆಚೆಯೂರು ಕಟಕೋಳದ ನಾಯಿಗಳೂ ಎದ್ದು ಕೂರುತ್ತವೆಂದು ಊರವರು ಆಣೆ ಮಾಡಿ ಹೇಳುತ್ತಾರೆ. ಕೇಳಿಯೂ ಬಾರದವಳಿಗೆ ಅಂದಿನ ಕೆಲಸ ತಪ್ಪಿತೆಂದೇ ಲೆಕ್ಕ. "ಫೋನಿಗೆ ರೇಂಜ್ ಬೇಕ್ರಿ, ಇದಕ್ಕ ಕಿವಿ ಇದ್ರ ಸಾಕು" ಎನ್ನುವುದು ಅವಳ ನಿತ್ಯದ ಮಾತು. ಕನ್ನಡ ಶಾಲೆಯ ಮಾಸ್ತರನಾದ ನಾನು ಒಮ್ಮೆ ಸುಮ್ಮನಿರಲಾರದೆ, ಕೇಕೆಯೆಂದರೆ ಮೂಲದಲ್ಲಿ ನವಿಲಿನ ಕೂಗು, ಸಂಸ್ಕೃತದಿಂದ ಬಂದದ್ದು, ಮನುಷ್ಯರಿಗೆ ಆಮೇಲೆ ಅಂಟಿಕೊಂಡಿತು ಎಂದು ತಿಳಿಸಿದೆ. ಅವಳು ನವಿಲುಗಳಿರುವ ಊರ ಕೋಟೆಯ ಗುಡ್ಡದತ್ತ ನೋಡಿ, "ಹೌದೇನ್ರಿ ಸರ? ನವಲಿಂದಿದ್ರ ಒಂದಿನ ಬಂದು ವಾಪಸ್ ಕೇಳ್ತಾವ ಬಿಡ್ರಿ" ಎಂದಳು. ಹೋದ ಶ್ರಾವಣದಲ್ಲಿ ಅವಳ ಗಂಟಲು ಕಟ್ಟಿತು. ಟಂಟಂ ಬಂದಿತ್ತು, ಅಂಗೈ ಬಾಯಿಗೆ ಹೋಯಿತು, ಗಾಳಿಯಷ್ಟೇ ಹೊರಬಂತು. ಎರಡನೆಯ ಸಲವೂ ಅಷ್ಟೇ. ಬೇರೆ ಊರಿನ ಆಳುಗಳನ್ನು ಕರೆತರುತ್ತೇನೆಂದು ಡ್ರೈವರ್ ಗಾಡಿ ಚಾಲೂ ಮಾಡಿದ. ಆಗ ಕೋಟೆಯ ಗೋಡೆಯ ಮೇಲಿಂದ ನವಿಲುಗಳು ಒಂದರ ಹಿಂದೊಂದು ಕೇಕೆ ಹಾಕಿದವು. ಓಣಿಯ ಬಾಗಿಲುಗಳೆಲ್ಲ ತೆರೆದವು. ಬುತ್ತಿಗಂಟು ಹಿಡಿದ ಹೆಂಗಸರು "ಬಂದ್ವಿ ಯವ್ವಾ, ಬಂದ್ವಿ" ಎನ್ನುತ್ತ ಓಡಿ ಬಂದರು. ಗುರುಬಸವ್ವ ಗುಡ್ಡಕ್ಕೆ ಕೈಮುಗಿದು, ಶಾಲೆಗೆ ಹೊರಟು ಅಲ್ಲೇ ನಿಂತಿದ್ದ ನನ್ನ ಕಡೆ ತಿರುಗಿ ಪಿಸುಗುಟ್ಟಿದಳು: "ಕೇಳಾಕ ಬಂದಿಲ್ರಿ ಸರ, ಕೊಡಾಕ ಬಂದಾವ."