ಮಾತ್ರೆ ಕೊಳ್ಳಲು ಹೋದಾಗ ಸಿಕ್ಕ ಆಂಟಿ

ಗೆಳೆಯರೇ, ನಿನ್ನೆ ಕಾಂಡೋಮ್ ಹರಿಯಿತು. ಮಗಳಿಗಿನ್ನೂ ಒಂದು ವರ್ಷ, ಇನ್ನೊಂದು ಬಸಿರಿಗೆ ನಾನು ಸಿದ್ಧಳಿಲ್ಲ. "ಟೆಕ್ಸಾಸ್‌ನಲ್ಲಿ ಆ ಮಾತ್ರೆ ಬ್ಯಾನ್ ಅಲ್ವೇನೇ?" ಎಂದ ಗಂಡ. ಬ್ಯಾನ್ ಆಗಿರುವುದು ಗರ್ಭಪಾತ, ಇದು ಗರ್ಭ ಕಟ್ಟದಂತೆ ತಡೆಯುವ ಮಾತ್ರೆ ಎಂದು ಹೇಳಿ, ಇಂದು ಬೆಳಿಗ್ಗೆ ಸ್ಟಾಫರ್ಡ್‌ನ ಔಷಧಿ ಅಂಗಡಿಗೆ ಹೋದೆ.

ಕೌಂಟರಿನಲ್ಲಿ ನನ್ನ ಹಿಂದೆಯೇ ನಿಂತಿದ್ದವರು ಕನ್ನಡ ಸಂಘದ ಸುಮಾ ಆಂಟಿ. "ಯಾರಿಗೆ ಅದು?" ಎಂದರು.

"ನನಗೇ ಆಂಟಿ," ಎಂದೆ. ಕಿವಿ ಬಿಸಿಯಾಯಿತು.

ಆಂಟಿ ಕೈಚೀಲದಿಂದ ನೀರಿನ ಬಾಟಲಿ ತೆಗೆದರು. "ಇಲ್ಲೇ ನುಂಗು, ಬೇಗ ತಗೊಂಡಷ್ಟೂ ಒಳ್ಳೇದು. ಮೂರು ವಾರ ಬಿಟ್ಟು ಟೆಸ್ಟ್ ಮಾಡ್ಕೋ. ನನ್ ಕಾಲದಲ್ಲಿ ಇದು ಸಿಕ್ಕಿದ್ದಿದ್ರೆ ನನ್ನ ಚಿಕ್ಕ ಮಗ ಹುಟ್ತಾನೇ ಇರ್ಲಿಲ್ಲ."

ನುಂಗಿದೆ, ಎದೆ ಹಗುರಾಯಿತು. ಆದರೆ ಆ ಚಿಕ್ಕ ಮಗನೇ ನನ್ನ ಮಗಳ ಡಾಕ್ಟರ್. ಗುರುವಾರ ಲಸಿಕೆಗೆ ಹೋದಾಗ ಅವರ ಮುಖ ಹೇಗೆ ನೋಡುವುದೋ ಗೊತ್ತಿಲ್ಲ.