ಅರ್ಧ ಜಡೆಯ ಎನೆಲೆಸಿ

ಸೂರ್ಯ ಇನ್ನೂ ಶಿರೆ ನದಿಯ ಆಚೆಗಿದ್ದಾನೆ. ಎನೆಲೆಸಿ ಮ್ಬೇವೆ ಆಗಲೇ ಪೇಟೆಯ ತಮ್ಮ ಗೂಡಂಗಡಿಯ ಮುಂದೆ ಚಾಪೆ ಹಾಸಿ, ಬಾಚಣಿಗೆಗಳನ್ನು ಬಿಸಿನೀರಿನಲ್ಲಿ ನೆನೆಹಾಕಿದ್ದಾರೆ. ಅವರ ಕಣ್ಣೆಲ್ಲ ರಸ್ತೆಯ ಮೇಲೆ. ನಿನ್ನೆ ಅರ್ಧ ತಲೆಗೆ ಮಾತ್ರ ಜಡೆ ಹಾಕಿಸಿಕೊಂಡು ಹೋದ ಫೈನೆಸ್ ಇವತ್ತು ಬರಬೇಕು. ಬೆಂಚಿನ ತುದಿಯಲ್ಲಿ ಹಳೇ ಕೋಟಿನ ಹಿರಿಯರೊಬ್ಬರು ಕೂತಿದ್ದಾರೆ, ಅವರೂ ಅವಳಿಗಾಗಿಯೇ ಕಾಯುತ್ತಿದ್ದಾರೆ.

ಪಕ್ಕದಂಗಡಿಯ ಮೆರಿಫಾ ಎಣ್ಣೆಯಲ್ಲಿ ಕರಿದ ಮಂದಾಸಿ ಬನ್ನು ಕಚ್ಚುತ್ತಾ ಕಿಚಾಯಿಸುತ್ತಾಳೆ: "ಏನಕ್ಕಾ, ನಿನ್ನೆಯ ತಲೆ ಇನ್ನೂ ಮುಗಿದಿಲ್ವಾ? ಆಮೆ ನಿನ್ನ ಹತ್ರಾನೇ ಕೆಲಸ ಕಲಿತಿರಬೇಕು."

"ಕಲೀತು. ಫೀಸು ಮಾತ್ರ ಇನ್ನೂ ಕೊಟ್ಟಿಲ್ಲ."

ಇಡೀ ಪೇಟೆಗೆ ಇವರದೇ ನಿಧಾನದ ಕೈ ಎಂಬ ಮಾತಿದೆ. ಇದೇ ಕೈ ಒಂದು ಕಾಲಕ್ಕೆ ಮದುವಣಗಿತ್ತಿಯರ ತಲೆಯನ್ನು ಎಲ್ಲರಿಗಿಂತ ಬೇಗ ಮುಗಿಸುತ್ತಿತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ಜಡೆ ಹೆಣೆಯುವುದರ ಜೊತೆಗೆ ಎನೆಲೆಸಿಗೆ ಇನ್ನೊಂದು ಕೆಲಸವಿದೆ. ಮನೆಯಲ್ಲಿ ಏಟು ತಿನ್ನುವ ಹೆಂಗಸರಿಗೆ ನೆರವಾಗುವ ಸಂಘಕ್ಕೆ ಈ ಪೇಟೆಯಲ್ಲಿ ಇವರೇ ಕೈಕಾಲು. ಸಂಘದ ಬೋರ್ಡು ನೇತುಹಾಕಿದರೆ ಯಾವ ಹೆಂಗಸೂ ಒಳಗೆ ಬರುವುದಿಲ್ಲ, ಆದರೆ ಜಡೆ ಹಾಕಿಸಿಕೊಳ್ಳಲು ಎಲ್ಲರೂ ಬರುತ್ತಾರೆ.

"ಕೂದಲಡಿ ಹೊಡೆದ್ರೆ ಕಾಣ್ಸಲ್ಲ ಅಂತ ಗಂಡಸರಿಗೆ ಗೊತ್ತು" ಎನ್ನುತ್ತಾರೆ ಎನೆಲೆಸಿ. "ನನ್ನ ಬೆರಳಿಗೆ ಸಿಗುತ್ತೆ. ನಾನು ಏನಾಯ್ತು ಅಂತ ಕೇಳಲ್ಲ. ಇಲ್ಲಿ ನೋವಾಗುತ್ತಾ ತಂಗೀ, ಅಂತೀನಿ ಅಷ್ಟೇ. ಅವಳ ಬೆನ್ನು ನನ್ನ ಕಡೆ ಇರುತ್ತಲ್ಲ, ಮುಖ ನೋಡದೆ ಮಾತಾಡೋದು ಸುಲಭ."

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂದು ಗಾದೆ ಕಟ್ಟಿದವರು ಪುಣ್ಯವಂತರು. ಉಂಡು ಮಲಗಿದ ಮೇಲೆಯೇ ಶುರುವಾಗುವ ಜಗಳಗಳನ್ನು ಅವರು ಕಂಡಿರಲಿಕ್ಕಿಲ್ಲ.

ಅರ್ಧ ಜಡೆಯ ಹಿಂದೆ ಒಂದು ಹಳೇ ನೋವಿದೆ. ಸಂಘದ ಕೆಲಸ ಶುರು ಮಾಡಿದ ಹೊಸತರಲ್ಲಿ ಒಬ್ಬಳು ಬಂದು ಎಲ್ಲ ಹೇಳಿಕೊಂಡಳಂತೆ. "ಪಾಪ, ಚೆಂದ ಕಾಣ್ಲಿ ಅಂತ ಒಂದೇ ದಿನ ಮುಗಿಸಿಬಿಟ್ಟೆ. ನಾಳೆ ಬಾ, ದಾರಿ ಹುಡುಕೋಣ ಅಂದೆ. ಜಡೆ ಮುಗಿದ ಮೇಲೆ ಗಂಡ ಯಾಕೆ ಕಳಿಸ್ತಾನೆ? ಮತ್ತೆ ಅವಳನ್ನ ಕಂಡಿದ್ದು ಆಸ್ಪತ್ರೇಲಿ, ದವಡೆಗೆ ತಂತಿ ಕಟ್ಟಿದ್ರು."

ಅಂದಿನಿಂದ ಬೆರಳಿಗೆ ಬಾವು ಸಿಕ್ಕ ತಲೆಯನ್ನು ಅವರು ಮುಗಿಸುವುದಿಲ್ಲ. ನೂಲು ಸಾಲದಾಯಿತು, ಕೈ ನೋಯುತ್ತಿದೆ ಎಂದು ಏನೋ ಒಂದು ನೆಪ. ಅರ್ಧ ತಲೆಯ ಹೆಂಡತಿಯನ್ನು ಮನೆಯಲ್ಲಿಟ್ಟುಕೊಂಡರೆ ಗಂಡನ ಮಾನವೇ ಹೋಗುತ್ತದೆ, ಕಳಿಸಲೇಬೇಕು. ಆ ನಡುವೆ ಎನೆಲೆಸಿ ಓಡಾಡುತ್ತಾರೆ. "ಗಂಡನ್ನ ಬಿಡು ಅನ್ನಲ್ಲ, ಇರು ಅಂತಾನೂ ಅನ್ನಲ್ಲ. ಯಾರಿಗೆ ತಿಳಿಸ್ಲಿ ಅಂತ ಕೇಳ್ತೀನಿ." ಕೆಲವರು ಪೊಲೀಸರಿಗೆ ಎನ್ನುತ್ತಾರೆ, ಕೆಲವರು ನರ್ಸಮ್ಮನಿಗೆ. ಫೈನೆಸ್ ತನ್ನ ಅಂಖೋಸ್ವೆಗೆ ಎಂದಳು. ಮದುವೆಗೆ ಹೊಣೆ ನಿಂತ ಸೋದರಮಾವ ಅವರು. ಗಂಡ ಅವಳ ಫೋನು ಕಿತ್ತುಕೊಂಡಿದ್ದರಿಂದ ಅವರಿಗೆ ಸುದ್ದಿಯೇ ಹೋಗಿರಲಿಲ್ಲ. ನಿನ್ನೆ ಎನೆಲೆಸಿ ಫೋನು ಮಾಡಿದರು. ಬೆಂಚಿನ ಮೇಲೆ ಕೂತಿರುವ ಹಿರಿಯರು ಅವರೇ.

ಬಿಸಿಲೇರುತ್ತದೆ. ಫೈನೆಸ್ ಸುಳಿವಿಲ್ಲ. ಎನೆಲೆಸಿ ಒಂದೇ ಬಾಚಣಿಗೆಯನ್ನು ಮತ್ತೆ ಮತ್ತೆ ಒರೆಸುತ್ತಾರೆ. ಪತ್ರಿಕೆಗೆ ಬರೆಯಲೆಂದು ನಿನ್ನೆಯಿಂದ ಇಲ್ಲಿಗೆ ಬರುತ್ತಿರುವ ನಾನೂ ರಸ್ತೆಯನ್ನೇ ನೋಡುತ್ತೇನೆ.

ಕೊನೆಗೆ ಅವಳು ಬರುತ್ತಾಳೆ, ಹಿಂದೆಯೇ ಗಂಡ.

"ಏನಮ್ಮಾ ಇದು, ಅರ್ಧ ಕೊಯ್ದ ಹೊಲ ಮಾಡಿ ಕಳಿಸಿದ್ದೀರಿ? ನನ್ನ ಗೆಳೆಯರೆಲ್ಲ ನಗ್ತಿದ್ದಾರೆ. ಬೇಗ ಮುಗ್ಸಿ."

"ತಪ್ಪಾಯ್ತಣ್ಣ, ನನ್ನ ಕೈ ನಿಧಾನ. ಕೂತ್ಕೊಳ್ಳಿ, ಹಿರಿಯರೂ ಕಾಯ್ತಿದ್ದಾರೆ."

ಅವನು ತಿರುಗಿ ನೋಡುತ್ತಾನೆ. ರೂಢಿ ಬಿಡುವಂತಿಲ್ಲ, ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಚಪ್ಪಾಳೆ ತಟ್ಟಿ ವಂದಿಸುತ್ತಾನೆ. "ಮಾವಾ, ಮನೇಲಿ ಸಣ್ಣ ಮಾತು..."

"ಸಣ್ಣ ಮಾತಿಗೆ ತಲೆ ಊದಲ್ಲ ಅಳಿಯಾ. ಜಡೆ ಮುಗೀಲಿ, ಅವಳು ತಾಯಿಮನೆಗೆ ಬರ್ತಾಳೆ. ನೀನು ನಿನ್ನ ಕಡೆ ಹಿರಿಯರನ್ನ ಕರ್ಕೊಂಡು ಅಲ್ಲಿಗೇ ಬಾ."

ಫೈನೆಸ್ ಚಾಪೆಯ ಮೇಲೆ ಕೂತು ಎನೆಲೆಸಿಯ ಮಂಡಿಗೆ ಒರಗುತ್ತಾಳೆ. ಬೆರಳುಗಳು ಊದಿದ ಜಾಗಕ್ಕೆ ತಾಗದಂತೆ ಸರಸರ ಓಡುತ್ತವೆ, ಈ ವೇಗ ನಾನು ನಿನ್ನೆ ಕಂಡಿರಲಿಲ್ಲ. ಗಂಡ ಜಡೆ ಮುಗಿಯುವ ಮೊದಲೇ ಹೊರಟುಹೋಗುತ್ತಾನೆ.

ಸೋದರಮಾವ ಫೈನೆಸ್‌ಳನ್ನು ಕರೆದುಕೊಂಡು ಬಸ್ಸಿಗೆ ಹೋದ ಮೇಲೆ ಕೇಳುತ್ತೇನೆ, ಪತ್ರಿಕೆಯಲ್ಲಿ ಬರೆದರೆ ಗುಟ್ಟು ರಟ್ಟಾಗುವುದಿಲ್ಲವೇ?

"ಹೆಸರು ಬದಲಾಯ್ಸಿ, ಊರಿನ ಹೆಸರು ಬೇಡ. ಈ ಗಂಡಸರು ಪೇಪರು ಓದಲ್ಲ, ಅದ್ರಲ್ಲಿ ಮೀನು ಸುತ್ತುತ್ತಾರೆ."

ಹಾಗೇ ಮಾಡಿದ್ದೇನೆ. ನಿಮಗೇನು ಆಸೆ ಎಂದರೆ ಎನೆಲೆಸಿ ಮೆರಿಫಾಳ ಅಂಗಡಿಯತ್ತ ನೋಡುತ್ತಾರೆ.

"ಬರೋ ತಲೆಗಳಲ್ಲೆಲ್ಲೂ ಬೆರಳಿಗೆ ಏನೂ ಸಿಗಬಾರದು. ಎಲ್ಲಾನೂ ಒಂದೇ ದಿನ ಮುಗಿಸ್ಬೇಕು. ಆಗ ಗೊತ್ತಾಗುತ್ತೆ ಅವಳಿಗೆ, ಆಮೆ ಯಾರು ಅಂತ."