ಬಾಗಿಲು ನೋಡಲು ಬಂದ ಹುಡುಗಿ

ಈ ಹೊತ್ತಿಗೆ ನಾನು ಕಾಫಿ ಕುಡಿದು ಲೋಟ ತೊಳೆದಿಟ್ಟಿರಬೇಕಿತ್ತು. ಇಂದು ಹಾಗಾಗಲಿಲ್ಲ. ನರಿಮೊಗರಿನ ನಮ್ಮ ಮನೆಯ ಕಿಟಕಿಗಳಿಗೆ ಆಚಾರಿ ಬೆಳಿಗ್ಗೆಯಿಂದ ವಾರ್ನಿಷ್ ಹಚ್ಚುತ್ತಿದ್ದಾನೆ. ಅದರ ವಾಸನೆ ನನಗೆ ಇಷ್ಟ. ಹಳೆಯದೊಂದು ಸರಿಹೋಯಿತು ಎಂಬ ಸಮಾಧಾನ ಅದರಲ್ಲಿದೆ. ಕಾಫಿ ಲೋಟ ಹಿಡಿದು ತಪಾಸಣೆಗೆ ಹೋದೆ. ಹಸಿ ವಾರ್ನಿಷಿನ ಮೇಲೆ ಎಳ್ಳುಕಾಳಿಗಿಂತ ತುಸು ದೊಡ್ಡದಾದ ಒಂದು ಕಪ್ಪು ಜೀವ ಕುಳಿತು, ಹಿಂಗಾಲಿಗೆ ಏನನ್ನೋ ಮೆತ್ತಿಕೊಳ್ಳುತ್ತಿತ್ತು. ಮುಜಂಟಿ. ಗೋಡೆಯ ಸಂದಿನಲ್ಲಿ ಗೂಡು ಕಟ್ಟುವ, ಕುಟುಕಲು ಬಾರದ ಸಣ್ಣ ಜೇನು. ಅದನ್ನು ನೋಡುತ್ತ ನಿಂತವಳಿಗೆ ಲಿಖಿತಾ ನೆನಪಾದಳು.

ಪುತ್ತೂರಿನ ಒಂದು ಹುಡುಗಿಯರ ಹಾಸ್ಟೆಲಿನಲ್ಲಿ ನಾನು ಬಹಳ ವರ್ಷ ವಾರ್ಡನ್ ಆಗಿದ್ದೆ. ಏಳುವುದಕ್ಕೆ, ಓದುವುದಕ್ಕೆ, ಊಟಕ್ಕೆ, ದೀಪ ಆರಿಸುವುದಕ್ಕೆ ಒಂದೊಂದು ಗಂಟೆ. ನಾನೂ ಚಿಕ್ಕಂದಿನಲ್ಲಿ ಅಂಥ ಗಂಟೆಗಳಿಗೇ ಎದ್ದು ಬೆಳೆದವಳು, ಹಾಗಾಗಿ ಗಂಟೆಯಿಲ್ಲದೆ ಮನುಷ್ಯರಿಗೆ ಹಸಿವೆಯಾದರೂ ಹೇಗೆ ಆಗುತ್ತದೆ ಎಂದು ಆಶ್ಚರ್ಯಪಡುತ್ತಿದ್ದೆ. ಹುಡುಗಿಯರು ನನಗೆ ಇಟ್ಟ ಹೆಸರೂ 'ಗಂಟೆ' ಎಂದೇ. ನನಗೆ ಗೊತ್ತಿಲ್ಲವೆಂದು ಅವರು ತಿಳಿದಿದ್ದರು. 'ಗೊತ್ತಿಲ್ಲ' ಎಂಬ ಮಾತು ನನ್ನೆದುರು ನಡೆಯುತ್ತಿರಲಿಲ್ಲ. ಅದು ಸೋಮಾರಿಗಳ ಉತ್ತರ ಎಂದು ನಾನು ನಂಬಿದ್ದೆ.

ಲಿಖಿತಾ ಮಂಡೆಕೋಲಿನವಳು. ಪಿಯುಸಿಗೆಂದು ಬಂದವಳು ಸಂಜೆಯ ಪ್ರಾರ್ಥನೆಗೆ ದಿನವೂ ತಡ.

"ಎಲ್ಲಿದ್ದೆ?"

"ಗೋಡೆಯ ಹತ್ತಿರ ಮೇಡಂ."

"ಗೋಡೆ ಎಂತ ಓಡಿಹೋಗ್ತದಾ?"

"ಇಲ್ಲ ಮೇಡಂ. ಅವು ಒಳಗೆ ಹೋಗುವ ಹೊತ್ತು."

ಅಡುಗೆಮನೆಯ ಹಿಂದಿನ ಗೋಡೆಯಲ್ಲಿ ಮುಜಂಟಿಗಳ ಗೂಡಿತ್ತು. ಹೊರಗೆ ಕಾಣುತ್ತಿದ್ದುದು ಮೇಣದ ಒಂದು ಪುಟ್ಟ ಕೊಳವೆ ಮಾತ್ರ. ಅದರ ಬಾಯಿಯಲ್ಲಿ ಕೆಲವು ಸುತ್ತಲೂ ಕುಳಿತು ಕಾವಲು ಕಾಯುತ್ತವೆ ಎಂದು ನನಗೆ ಹೇಳಿದವಳು ಇವಳೇ. "ಗೇಟಿನಲ್ಲಿ ನೀವು ಕೂತ ಹಾಗೆ ಮೇಡಂ" ಎಂದೂ ಸೇರಿಸಿದಳು. ಹುಡುಗಿಯರು ನಕ್ಕರು. ನಾನು ನಗಲಿಲ್ಲ, ಕೋಣೆಗೆ ಬಂದ ಮೇಲೆ ಸ್ವಲ್ಪ ನಕ್ಕೆ.

ಒಮ್ಮೆ ನನ್ನ ಆಫೀಸಿನ ಬಾಗಿಲಿಗೆ ವಾರ್ನಿಷ್ ಹೊಡೆಸಿದ್ದೆ. ಆ ಕೋಣೆಗೆ ಕೆಲಸವಿಲ್ಲದೆ ಬಂದ ಹುಡುಗಿಯರನ್ನು ನಾನು ಕಂಡವಳಲ್ಲ. ಲಿಖಿತಾ ಬಂದು ಹೊಸ್ತಿಲಿನಾಚೆ ನಿಂತಳು.

"ಎಂತ ಬೇಕು?"

"ಬಾಗಿಲು ನೋಡ್ಬಹುದಾ ಮೇಡಂ?"

ರಜೆ ಕೇಳಲು, ಅಳಲು, ಚಾಡಿ ಹೇಳಲು ಬಂದವರಿದ್ದರು. ಬಾಗಿಲು ನೋಡಲು ಬಂದವಳು ಇವಳೊಬ್ಬಳೇ. ಮುಜಂಟಿಗಳು ಆ ಹಸಿ ವಾರ್ನಿಷನ್ನು ಒಯ್ಯುತ್ತಿದ್ದವು. ಸಾಮಾನ್ಯವಾಗಿ ಅವು ಮರದ ಅಂಟನ್ನು ಒಯ್ದು ಮನೆ ಕಟ್ಟುವುದಂತೆ. ಹಾಗಾದರೆ ಇದನ್ನೇಕೆ ಒಯ್ಯುತ್ತವೆ? ಅವಳು ಅಷ್ಟಕ್ಕೇ ಬಿಡಲಿಲ್ಲ. ಅಡಿಕೆ ಹಾಳೆಯ ತುಂಡುಗಳ ಮೇಲೆ ಮಯಣವೆಂಬ ಹಲಸಿನ ಅಂಟು, ಮಾವಿನ ಸೊನೆ, ವಾರ್ನಿಷ್ ಬೇರೆಬೇರೆಯಾಗಿ ಹಚ್ಚಿ ಗೋಡೆಯ ಬುಡದಲ್ಲಿ ಸಾಲಾಗಿ ಇಟ್ಟು, ಯಾವುದಕ್ಕೆ ಹೆಚ್ಚು ಬರುತ್ತವೆ ಎಂದು ನೋಡತೊಡಗಿದಳು. ಅಡುಗೆಯ ಕಮಲಕ್ಕನ ದೂರು ಬಂತು: "ಮಯಣ ಹತ್ತಬಾರದು ಅಂತ ನಾನು ಕೈಗೆ ಎಣ್ಣೆ ಹಚ್ಚುದು. ಇದು ಒಂದು, ಕೇಳಿ ಕೇಳಿ ತೆಗೊಂಡು ಹೋಗುದು! ಮಂಡೆ ಸಮ ಉಂಟಾ ಮೇಡಂ ಇವಳಿಗೆ?"

ಒಂದು ದಿನ ಲಿಖಿತಾ ಸಪ್ಪೆ ಮುಖದಲ್ಲಿ ಬಂದಳು. ವಾರ್ನಿಷ್ ಹಸಿಯಿರುವಷ್ಟು ಹೊತ್ತು ಅವು ಮಯಣವನ್ನು ಮೂಸಿಯೂ ನೋಡುವುದಿಲ್ಲವಂತೆ.

"ಅದು ಒಳ್ಳೆದಲ್ಲ ಅಂತ ಅವಕ್ಕೆ ಗೊತ್ತಾಗುದಿಲ್ವಾ ಮೇಡಂ? ಅದರಲ್ಲಿ ಕಟ್ಟಿದ ಮನೆ ಎಂತ ಆಗ್ತದೆ?"

"ನಾಳೆ ಕೆಮಿಸ್ಟ್ರಿ ಪರೀಕ್ಷೆ ಉಂಟು. ಹೋಗಿ ಅದನ್ನು ಓದು" ಎಂದೆ.

ಅವಳಿಗೆ ಸೇರಬೇಕೆಂದಿದ್ದುದು ದೂರದ ಒಂದು ವಿಜ್ಞಾನ ಕಾಲೇಜು. ಅಂಕ ಮಾತ್ರ ಸಾಲದು, ಪಾಠದ ಹೊರಗೆ ವಿದ್ಯಾರ್ಥಿ ಏನು ಮಾಡಿದ್ದಾಳೆ ಎಂಬುದನ್ನೂ ನೋಡುತ್ತೇವೆ, ಸಂದರ್ಶನವೂ ಇದೆ ಎಂದು ಅವರು ತಿಳಿಸಿದ್ದರು. ಅಲ್ಲಿ ಸಿಗದಿದ್ದರೆ ಪುತ್ತೂರಿನಲ್ಲೇ ಬಿ.ಕಾಂ. ಓದಿ, ಚಿಕ್ಕಪ್ಪನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂರುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅವಳು ಎದುರಾಡುವವಳಲ್ಲ. ಆದರೆ ಆ ಅಂಗಡಿಯ ಮಾತು ಬಂದಾಗಲೆಲ್ಲ ಜಡೆಯ ತುದಿ ಹಿಡಿದು ತಿರುಪುತ್ತಿದ್ದಳು.

ಅವಳ ತಂದೆ ಬಾಬು ಗೌಡರು ಒಂದು ಫೈಲು ಹೊತ್ತು ತಂದರು. ನಮ್ಮ ಕಡೆಯ ಮಕ್ಕಳ ಫೈಲುಗಳು ನಿಮಗೆ ಗೊತ್ತಲ್ಲ? ಅಷ್ಟಮಿಯ ಮುದ್ದುಕೃಷ್ಣ ಸ್ಪರ್ಧೆಯಿಂದ ಅವು ಶುರುವಾಗುತ್ತವೆ. ನಡೆಯಲು ಕಲಿತ ಕೂಡಲೇ ನವಿಲುಗರಿ ಸಿಕ್ಕಿಸಿ ವೇದಿಕೆಗೆ ನೂಕಿದರೆ ಮಗು ಬೆಣ್ಣೆಯ ಮಡಕೆ ಬೀಳಿಸಿ ಅಳುತ್ತದೆ. ಅಳುವಿಗೂ ಒಂದು ಪ್ರಮಾಣಪತ್ರ. ಆಮೇಲೆ ಭಜನೆ, ಛದ್ಮವೇಷ, ಚಿತ್ರಕಲೆ, ಕರಾಟೆ.

"ಮುದ್ದುಕೃಷ್ಣನಿಗೂ ವಿಜ್ಞಾನಕ್ಕೂ ಎಂತ ಸಂಬಂಧ ಮಾರಾಯ್ರೆ?" ಎಂದು ಕೇಳಿದೆ.

"ಇರಲಿ ಮೇಡಂ. ಫೈಲಿಗೆ ಭಾರ ಬರ್ತದೆ."

ನಾನೇನು ಕಡಿಮೆಯೇ? ಎಲ್ಲವನ್ನೂ ವರ್ಷವಾರು ಜೋಡಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿದೆ. ಭಾರ ಸಾಲದೆಂದು ಚೆಸ್‌ಗೂ ಕ್ವಿಜ್‌ಗೂ ಅವಳನ್ನು ಕಳಿಸಿ, ಭಾಗವಹಿಸಿದ್ದಕ್ಕೆ ಪತ್ರ ತರಿಸಿದೆ. ಚೆಸ್ಸಿನ ಕುದುರೆ ಹೇಗೆ ನಡೆಯುತ್ತದೆಂದು ಅವಳಿಗೆ ಇಂದಿಗೂ ಗೊತ್ತಿರಲಾರದು. ಮುಜಂಟಿಯ ಸಂಗತಿ ಆ ಫೈಲಿನಲ್ಲಿ ಎಲ್ಲಿಯೂ ಇರಲಿಲ್ಲ. ಗೋಡೆ ನೋಡಿದ್ದಕ್ಕೆ ಯಾರು ಪ್ರಮಾಣಪತ್ರ ಕೊಡುತ್ತಾರೆ?

ಸಂದರ್ಶನ ಬೇಸಿಗೆ ರಜೆಯಲ್ಲಿ ಬಂತು, ಕಂಪ್ಯೂಟರಿನಲ್ಲೇ. ಮಂಡೆಕೋಲಿನ ಅವರ ಮನೆಯಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಹಾಗಾಗಿ ಅಪ್ಪ ಮಗಳು ಖಾಲಿ ಹಾಸ್ಟೆಲಿಗೆ ಬಂದರು. ರಜೆಯಾದ್ದರಿಂದ ಸುಣ್ಣಬಣ್ಣವೂ ನಡೆದಿತ್ತು. ಪೆರಾಬೆಯ ಸಂಜೀವ ಪೇಂಟರ್, ಕೆಲಸದಲ್ಲಿ ನನ್ನ ಹಾಗೆಯೇ ಚೊಕ್ಕ. ಲಿಖಿತಾಳನ್ನು ನನ್ನ ಮೇಜಿನೆದುರು ಕೂರಿಸಿ, ನಾನು ಪರದೆಗೆ ಕಾಣದಂತೆ ಪಕ್ಕದಲ್ಲಿ ಕುಳಿತೆ. ಬಾಬು ಗೌಡರು ಬಾಗಿಲಲ್ಲಿ ನಿಂತರು.

ಇಂಗ್ಲಿಷಿನಲ್ಲಿ ಅವಳು ಬಾಯಿಪಾಠ ಒಪ್ಪಿಸಿದಳು. ಪರದೆಯಲ್ಲಿದ್ದ ಪ್ರಾಧ್ಯಾಪಕರಲ್ಲಿ ನರೆಗೂದಲಿನ ಒಬ್ಬ ಹೆಂಗಸು ಕನ್ನಡ ಬಲ್ಲವರು. ಅವರು ಮೃದುವಾಗಿ ಕೇಳಿದರು: "ಇದರಲ್ಲೆಲ್ಲ ನಿನಗೆ ತುಂಬ ಇಷ್ಟವಾದದ್ದು ಯಾವುದಮ್ಮ?"

ಕ್ವಿಜ್ ಎಂದು ಹೇಳಬೇಕಿತ್ತು. ಹಾಗೆಂದು ಅಭ್ಯಾಸ ಮಾಡಿಸಿದ್ದೆ. ಅವಳು ಬಾಯಿ ತೆರೆದಳು, ಕಣ್ಣು ಮಾತ್ರ ಪರದೆಯಾಚೆ, ಅಡುಗೆಮನೆಯ ಹಿಂಬದಿ ಕಾಣುವ ಕಿಟಕಿಯಲ್ಲಿ ನಿಂತಿತು. ಹೊರಗೆ ಸಂಜೀವ ಮೇಣದ ಕೊಳವೆಯನ್ನು ಕೆರೆದು, ತೂತಿಗೆ ಪುಟ್ಟಿ ಮೆತ್ತುತ್ತಿದ್ದ.

"ಒಂದು ನಿಮಿಷ ಮೇಡಂ... ಗೋಡೆ..." ಎಂದವಳೇ ಎದ್ದು ಓಡಿದಳು.

ಬಾಬು ಗೌಡರು ತಲೆಯ ಮೇಲೆ ಕೈಯಿಟ್ಟರು. "ಹೋಯ್ತು ಮೇಡಂ. ಸೀಟು ಹೋಯ್ತು." ಹೊರಗೆ ಸಂಜೀವನ ಧ್ವನಿ: "ಒಂದೇ ಒಂದು ತೂತು ಬಿಡಬಾರದು ಅಂತ ಮೇಡಮೇ ಹೇಳಿದ್ದಲ್ವಾ ಮಾರಾಯ್ತಿ!"

ಖಾಲಿ ಕುರ್ಚಿಯನ್ನು ಪರದೆಯವರು ನೋಡುತ್ತಿದ್ದರು. ಅಪ್ಪಣೆಯಿಲ್ಲದೆ ಎದ್ದುಹೋದವರ ಪರವಾಗಿ ನಾನು ಅದುವರೆಗೆ ಯಾವತ್ತೂ ಮಾತನಾಡಿದವಳಲ್ಲ. ಸೆರಗು ಸರಿಮಾಡಿಕೊಂಡು ಆ ಕುರ್ಚಿಯಲ್ಲಿ ಕುಳಿತೆ.

"ನಾನು ವಾರ್ಡನ್. ಅವಳ ಮುಜಂಟಿಗಳ ಬಾಗಿಲು ಮುಚ್ಚಿಹೋಗ್ತಾ ಉಂಟು, ಅದಕ್ಕೆ ಓಡಿದಳು."

"ಮುಜಂಟಿ ಎಂದರೆ?"

ಹೇಳತೊಡಗಿದೆ. ಕಾವಲಿನವು, ಅಂಟು ಹೊರುವವು, ಕಸವನ್ನು ಹೊರಗೆ ಒಯ್ದು ಎಸೆಯುವವು, ನನ್ನ ಬಾಗಿಲಿನ ವಾರ್ನಿಷ್, ಗೋಡೆಯ ಬುಡದ ಹಾಳೆಯ ತುಂಡುಗಳು. ಇಷ್ಟೆಲ್ಲ ನನಗೆ ಹೇಗೆ ಗೊತ್ತಾಯಿತು ಎಂದು ಹೇಳುತ್ತಲೇ ಬೆರಗಾದೆ. ಎರಡು ವರ್ಷಗಳಲ್ಲಿ ತಡವಾಗಿ ಬಂದಾಗಲೆಲ್ಲ ಅವಳು ಕೊಟ್ಟ ನೆಪಗಳು ಅವು, ಗದರಿಸುತ್ತಲೇ ಕೇಳಿಸಿಕೊಂಡಿದ್ದೆ.

ಅವಳು ಬಂದಾಗ ಬೆರಳುಗಳಿಗೆಲ್ಲ ಪುಟ್ಟಿ, ಕೂದಲಲ್ಲಿ ಸಿಕ್ಕಿಕೊಂಡ ಒಂದು ಮುಜಂಟಿ, ಮೈಗೆಲ್ಲ ಮೇಣದ ಹುಳಿವಾಸನೆ. ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ.

"ಒಳಗಿನವು ಬದುಕಿದವಾ?" ಪರದೆಯ ಹೆಂಗಸು ಕೇಳಿದರು.

"ಬದುಕಿ ಉಂಟು ಮೇಡಂ, ಪುಟ್ಟಿ ತೆಗೆದೆ. ಹೊರಗೆ ಹೋದವು ಬಂದು ಗೋಡೆಯಲ್ಲಿ ಕೂತು ಕಾಯ್ತಾ ಉಂಟು. ಬಾಗಿಲು ಪುನಃ ಕಟ್ಲಿಕ್ಕೆ ಹಳೆ ಮೇಣವನ್ನೇ ತೆಗೊಳ್ತವಾ, ಹೊಸತು ತರ್ತವಾ ನೋಡ್ಬೇಕು."

"ಯಾವುದು ಅನ್ನಿಸುತ್ತದೆ?"

"ಗೊತ್ತಿಲ್ಲ ಮೇಡಂ. ಆದ್ರೆ ಬಿದ್ದ ಮೇಣಕ್ಕೆ ಸ್ವಲ್ಪ ಬಣ್ಣ ಹಚ್ಚಿ ಇಟ್ರೆ ಗೊತ್ತಾದೀತು."

ಆಮೇಲೆ ಫೈಲಿನ ಮಾತೇ ಬರಲಿಲ್ಲ. ಅವರು ಕೇಳಿದ ಹೆಚ್ಚಿನ ಪ್ರಶ್ನೆಗಳಿಗೆ ಅವಳ ಉತ್ತರ 'ಗೊತ್ತಿಲ್ಲ' ಎಂದೇ ಶುರುವಾಗುತ್ತಿತ್ತು, ಅದರ ಬೆನ್ನಿಗೆ 'ಆದ್ರೆ' ಬರುತ್ತಿತ್ತು. ಪ್ರತಿ 'ಗೊತ್ತಿಲ್ಲ'ಕ್ಕೂ ಬಾಬು ಗೌಡರು ಬಾಗಿಲ ದಾರಂದವನ್ನು ಬಿಗಿಯಾಗಿ ಹಿಡಿಯುತ್ತಿದ್ದರು, ಆ ಹೆಂಗಸು ಇನ್ನಷ್ಟು ಮುಂದಕ್ಕೆ ಬಾಗುತ್ತಿದ್ದರು. ನಾನು ಇಬ್ಬರನ್ನೂ ನೋಡುತ್ತ ಕುಳಿತಿದ್ದೆ.

ಸೀಟು ಸಿಕ್ಕಿತು. ಮಂಡೆಕೋಲಿನಲ್ಲಿ ಅಭಿನಂದನೆಯ ಫ್ಲೆಕ್ಸ್ ಎದ್ದಿತು. ಚೆಸ್, ಕ್ವಿಜ್, ಕರಾಟೆ ಎಲ್ಲವನ್ನೂ ಹಾಕಿ, ಮೂಲೆಯಲ್ಲಿ ಅಳುವ ಮುದ್ದುಕೃಷ್ಣನ ಫೋಟೋವನ್ನೂ ಸೇರಿಸಿದ್ದರಂತೆ. "ಮುಜಂಟಿಯನ್ನು ಹಾಕಲಿಲ್ವಾ?" ಎಂದು ಬಾಬು ಗೌಡರನ್ನು ಕೇಳಿದೆ. "ಜನ ನಗುದಿಲ್ವಾ ಮೇಡಂ?" ಎಂದರು. ಆಮೇಲೆ ತಗ್ಗಿದ ಧ್ವನಿಯಲ್ಲಿ, "ಮನೆಯ ಜಗಲಿಯ ಗೋಡೆಯಲ್ಲಿಯೂ ಒಂದು ಗೂಡು ಉಂಟು. ಈಗ ನಾನು ದಿನಾ ನೋಡುದು. ಫೋನಿನಲ್ಲಿ ಅವಳು ಕೇಳುದೇ ಅದನ್ನು" ಎಂದರು.

ಆಚಾರಿ ಈಗ ಬಟ್ಟೆ ಬೀಸಿ ಕಿಟಕಿಯಲ್ಲಿದ್ದ ಮುಜಂಟಿಯನ್ನು ಓಡಿಸಲು ಹೊರಟ. ಬೇಡ ಎಂದೆ. ಬೆಳಿಗ್ಗೆ ಹಲಸು ಕೊಯ್ದ ಕತ್ತಿಯ ಮಯಣವನ್ನು ಕೆರೆದು, ಹಾಳೆಯ ತುಂಡಿಗೆ ಹಚ್ಚಿ, ಕಿಟಕಿಯ ಪಕ್ಕ ಇಟ್ಟು, ಸ್ಟೂಲ್ ಎಳೆದು ಕುಳಿತೆ. ಇನ್ನೊಂದು ಮುಜಂಟಿ ಬಂತು; ವಾರ್ನಿಷ್ ಮತ್ತು ಮಯಣದ ನಡುವೆ ಗಾಳಿಯಲ್ಲೇ ನಿಂತಿತು.

ಆಚಾರಿ ಬ್ರಷ್ ಹಿಡಿದು ಕಾದ, ಆಮೇಲೆ ಸೋತು ಪಕ್ಕಕ್ಕೆ ಬಂದ.

"ಎಂತ ಅಕ್ಕ, ಅದು ಎಲ್ಲಿಗೆ ಹೋಗುದು?"

"ಗೊತ್ತಿಲ್ಲ" ಎಂದೆ. "ಕೂತುಕೋ, ನೋಡುವ."